ಗೋಳದ ಅಳತೆಯೂ ನಮ್ಮ ಓದೂ

ಅಳೆಯುವುದು ಮನುಷ್ಯನಿಗೆ ಬಹು ಹಳೆಯ ವಿದ್ಯೆ. ಕಾಳನ್ನು ಸೇರಿನಿಂದ, ಬಟ್ಟೆಯನ್ನು ಮೊಳದಿಂದ, ಹೊಲವನ್ನು ಗುಂಟೆಯಿಂದ ಅಳೆದು ಬಾಳಿದ ಜನ ನಾವು. ಹೀಗಿದ್ದರೂ ‘ಅಳತೆ ಎಂದರೇನು?’ ಎಂದು ನಮ್ಮ ತರಗತಿಗಳಲ್ಲಿ ಕೇಳುವವರು ವಿರಳ. ಗೋಳದ ಘನಫಲವೆಷ್ಟೆಂದರೆ ಸೂತ್ರವನ್ನು ಒಂದೇ ಉಸಿರಿಗೆ ಒಪ್ಪಿಸುತ್ತೇವೆ. ಆ ಘನಫಲವೆಂಬುದು ಏನು, ಪ್ರತಿಯೊಂದು ಆಕೃತಿಗೂ ಅದು ಇದ್ದೇ ಇರುತ್ತದೆಯೇ ಎಂದು ವಿಚಾರಿಸುವುದಿಲ್ಲ. ಗಣಿತವನ್ನು ಆರಿಸಿಕೊಂಡ ಬಿ.ಎ. ವಿದ್ಯಾರ್ಥಿಗೆ ಸೂತ್ರಕ್ಕಿಂತ ಮೊದಲು ಈ ಪ್ರಶ್ನೆಯನ್ನು, ಅದೂ ಕನ್ನಡದಲ್ಲಿ, ಪರಿಚಯ ಮಾಡಿಕೊಡಬೇಕೆಂಬುದು ನನ್ನ ನಮ್ರ ಅಭಿಪ್ರಾಯ.

ಗೋಳವನ್ನು ಅಳೆಯಲು ಹೊರಟವರು ಅನೇಕರು. ಗೋಳವು ತನ್ನನ್ನು ಬಿಗಿಯಾಗಿ ಸುತ್ತುವರಿದ ಸಿಲಿಂಡರಿನ ಮೂರರಲ್ಲಿ ಎರಡು ಪಾಲೆಂದು ಆರ್ಕಿಮಿಡೀಸನು ಕ್ರಿ.ಪೂ. ಮೂರನೆಯ ಶತಮಾನದಲ್ಲಿಯೇ ಸಾಧಿಸಿದನು. ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ತ್ರಿಜ್ಯದ ಘನದ ನಾಲ್ಕೂವರೆ ಪಟ್ಟು ಸ್ಥೂಲಫಲವೆಂದೂ, ಅದರ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 4.05 ಪಟ್ಟು, ಸೂಕ್ಷ್ಮಫಲವೆಂದೂ ಹೇಳಿದನು. ನಿಜವಾದ ಬೆಲೆ ಸುಮಾರು 4.19. ಸರಿಯಾದ ನಿಯಮ 1150ರ ‘ಲೀಲಾವತಿ’ಯಲ್ಲಿ ದೊರೆಯುತ್ತದೆ. ಆದರೆ ಇವರೆಲ್ಲರೂ ಘನಫಲ ಉಂಟೆಂದು ಒಪ್ಪಿಕೊಂಡು, ಎಷ್ಟೆಂದು ಹುಡುಕಿದವರು.

‘ಅಳತೆ ಎಂದರೇನು?’ ಎಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರವನ್ನು, ಜೋರ್ಡಾನ್ ಮತ್ತು ಬೊರೆಲ್ ಹಾಕಿದ ತಳಹದಿಯ ಮೇಲೆ, ಫ್ರಾನ್ಸಿನ ಆನ್ರಿ ಲೆಬೆಗ್ 1902ರ ತನ್ನ ಪ್ರೌಢಪ್ರಬಂಧದಲ್ಲಿ ಕೊಟ್ಟನು. ಅದನ್ನು ತಿಳಿಯಲು ಒಂದು ಸೊಟ್ಟ ಹೊಲ ಸಾಕು. 33 ಅಡಿ ಚೌಕ ಒಂದು ಗುಂಟೆ. ಅದರ ಹದಿನಾರನೆಯ ಪಾಲು ಒಂದು ಆಣೆ. ಹೊಲವನ್ನು ಗುಂಟೆಯ ಚೌಕಗಳಿಂದ ಮುಚ್ಚಿದರೆ ಬದುವಿನಾಚೆಗೂ ಒಂದಷ್ಟು ಚಾಚಿಕೊಳ್ಳುತ್ತದೆ. ಆಣೆಯ ಚೌಕಗಳಿಂದ ಮುಚ್ಚಿದರೆ ಆ ಹೆಚ್ಚುವರಿ ಕುಗ್ಗುತ್ತದೆ. ಹೀಗೆ ಕುಗ್ಗುತ್ತ ಹೋಗುವ ಮೊತ್ತವು ಯಾವ ಮೇರೆಗಿಂತ ಕೆಳಗಿಳಿಯಲಾರದೋ ಅದೇ ಹೊಲದ ಹೊರ ಅಳತೆ. ಚೌಕಗಳ ಬದಲು ಘನಾಕೃತಿಗಳನ್ನು ಇಟ್ಟರೆ ಗೋಳಕ್ಕೂ ಇದೇ ಮಾರ್ಗ.

ಲೆಬೆಗ್‌ನ ಹೆಚ್ಚುಗಾರಿಕೆ ಇರುವುದು ಮುಚ್ಚುವ ತುಂಡುಗಳು ಅನಂತವಾಗಿರಬಹುದೆಂಬ ಅನುಮತಿಯಲ್ಲಿ. ಸೊನ್ನೆಯಿಂದ ಒಂದರವರೆಗಿನ ಭಿನ್ನರಾಶಿಗಳನ್ನೆಲ್ಲ ಎಣಿಕೆಗೆ ತಕ್ಕಷ್ಟೇ ತುಂಡುಗಳಿಂದ ಮುಚ್ಚಹೋದರೆ ಒಟ್ಟು ಉದ್ದ ಒಂದಕ್ಕಿಂತ ಕಡಿಮೆಯಾಗದು. ಮೊದಲನೆಯ ಭಿನ್ನಕ್ಕೆ ಒಂದು ಪುಟ್ಟ ತುಂಡು, ಎರಡನೆಯದಕ್ಕೆ ಅದರ ಅರ್ಧ, ಮೂರನೆಯದಕ್ಕೆ ಕಾಲು ಎಂದು ಕೊನೆಯಿಲ್ಲದೆ ಹಂಚಿದರೆ ಒಟ್ಟು ಉದ್ದ ಮೊದಲ ತುಂಡಿನ ಎರಡರಷ್ಟನ್ನು ಮೀರುವುದಿಲ್ಲ. ಮೊದಲ ತುಂಡನ್ನು ಬೇಕಾದಷ್ಟು ಕಿರಿದು ಮಾಡಬಹುದಾದುದರಿಂದ ಅವೆಲ್ಲದರ ಅಳತೆ ಸೊನ್ನೆ!

ಆಯಾಮಗಳು ಹೆಚ್ಚಿದರೆ ಇನ್ನೊಂದು ಸೋಜಿಗ. ತ್ರಿಜ್ಯ ಒಂದಾಗಿರುವ ಗೋಳದ ಅಳತೆ ಎರಡು ಆಯಾಮಗಳಲ್ಲಿ 3.14, ಮೂರರಲ್ಲಿ 4.19, ನಾಲ್ಕರಲ್ಲಿ 4.93, ಐದರಲ್ಲಿ 5.26. ಇನ್ನೂ ಏರುವುದೆನ್ನುವಷ್ಟರಲ್ಲಿ ಆರರಲ್ಲಿ 5.17ಕ್ಕೆ ಇಳಿದು, ಹತ್ತರಲ್ಲಿ 2.55 ಆಗಿ, ಇಪ್ಪತ್ತರಲ್ಲಿ 0.026ರಷ್ಟೇ ಉಳಿಯುತ್ತದೆ. ಹತ್ತು ಆಯಾಮಗಳ ಪೆಟ್ಟಿಗೆಯ ಎಲ್ಲ ಗೋಡೆಗಳನ್ನೂ ಮುಟ್ಟುವ ಗೋಳವು ಪೆಟ್ಟಿಗೆಯ ನೂರರಲ್ಲಿ ಕಾಲು ಪಾಲನ್ನೂ ತುಂಬುವುದಿಲ್ಲ. ಕಣ್ಣು ಕಾಣದ ಕಡೆಯಲ್ಲಿ ಬುದ್ಧಿ ಹೀಗೆ ಕೈಹಿಡಿದು ನಡೆಸುತ್ತದೆ.

ಯಾವುದಾದರೊಂದು ಗೋಳದೊಳಗೆ ಅಡಗುವ ಬಿಂದುಗಳ ಗಣಕ್ಕೆ ಪರಿಮಿತ ಗಣವೆಂದು ಹೆಸರು. ಅದರ ಹೊರ ಅಳತೆ ಆ ಗೋಳದ ಅಳತೆಯನ್ನು ಮೀರಲಾರದು. ಆದರೆ ಪರಿಮಿತವಾದ ಮಾತ್ರಕ್ಕೆ ಅದು ಅಳತೆಗೆ ದಕ್ಕುವುದೆಂದು ತಿಳಿಯಬಾರದು. ಅನಂತ ಆಯ್ಕೆಗಳನ್ನು ಒಮ್ಮೆಗೇ ಮಾಡಬಹುದೆಂಬ ಸ್ವಯಂಸಿದ್ಧವನ್ನು ಒಪ್ಪಿದರೆ, ಯಾವ ಅಳತೆಗೂ ಸಿಗದ ಗಣವುಂಟೆಂದು 1905ರಲ್ಲಿ ಇಟಲಿಯ ವಿಟಾಲಿ ತೋರಿಸಿದನು. 1924ರಲ್ಲಿ ಬನಾಕ್ ಮತ್ತು ಟಾರ್ಸ್ಕಿ ಒಂದು ಗೋಳವನ್ನು ಕೆಲವೇ ತುಂಡುಗಳಾಗಿಸಿ, ಅವನ್ನೇ ತಿರುಗಿಸಿ ಜೋಡಿಸಿ, ಅಷ್ಟೇ ದೊಡ್ಡ ಎರಡು ಗೋಳಗಳನ್ನು ಪಡೆಯಬಹುದೆಂದು ಸಾಧಿಸಿದರು. ಆ ತುಂಡುಗಳಿಗೆ ಘನಫಲವೇ ಇಲ್ಲದ್ದರಿಂದ ಲೆಕ್ಕ ತಪ್ಪಲಿಲ್ಲ!

‘ಇದರಿಂದ ಪರೀಕ್ಷೆಗೇನು ಲಾಭ? ಕೆಲಸ ಸಿಕ್ಕೀತೇ?’ ಎಂದು ಮಿತ್ರರು ಕೇಳಬಹುದು. ಅವರ ಕಳವಳ ನನ್ನದೂ ಹೌದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿಯ ಬೆಲೆ ನನಗೆ ಗೊತ್ತು. ಆದರೆ ಮನೆಯಲ್ಲಿ ಪುಸ್ತಕವಿಲ್ಲದವನಿಗೆ ಸೂತ್ರ ಮರೆತರೆ ಕೇಳಲು ಯಾರೂ ಇಲ್ಲ. ಕಾರಣ ತಿಳಿದಿದ್ದರೆ ಸೂತ್ರವನ್ನು ತಾನೇ ಮತ್ತೆ ಕಟ್ಟಿಕೊಂಡಾನು. ಆದುದರಿಂದ ‘ಏಕೆ’ ಎಂಬುದು ಉಳ್ಳವರ ವಿಲಾಸವಲ್ಲ. ಅದು ಇಲ್ಲದವರ ಆಸ್ತಿ.

ಲೆಬೆಗ್‌ನ ತಂದೆ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನು. ಮಗ ಚಿಕ್ಕವನಿರುವಾಗಲೇ ತೀರಿಕೊಂಡನು. ಆ ಮಗ ಮಹಾಪಂಡಿತನಾದ ಮೇಲೂ 1930ರ ದಶಕದಲ್ಲಿ, ಅಳತೆಯನ್ನು ಹೇಗೆ ಕಲಿಸಬೇಕೆಂದು ಉಪಾಧ್ಯಾಯರಿಗಾಗಿ ಲೇಖನಮಾಲೆಯನ್ನೇ ಬರೆದನು. ವಿಷಯ ಕ್ಲಿಷ್ಟ, ಕನ್ನಡಕ್ಕೆ ಒಗ್ಗದು ಎನ್ನುವವರು ಹನ್ನೆರಡನೆಯ ಶತಮಾನದ ರಾಜಾದಿತ್ಯನನ್ನು ನೆನೆಯಲಿ. ‘ವ್ಯವಹಾರಗಣಿತ’ವನ್ನು ಆತ ಬರೆದದ್ದು ಕನ್ನಡದಲ್ಲಿಯೇ.

ಪಠ್ಯಕ್ರಮವನ್ನೇ ಬದಲಿಸಿರೆಂದು ನಾನು ಕೇಳುತ್ತಿಲ್ಲ. ವರ್ಷಾರಂಭದಲ್ಲಿ ಎರಡು ಗಂಟೆಗಳ ಕಾಲ, ಸೂತ್ರವನ್ನು ಬದಿಗಿಟ್ಟು, ಅಳತೆಯ ಅರ್ಥವನ್ನು ಕನ್ನಡದಲ್ಲಿ ಹೇಳಿದರೆ ಸಾಕು. ಹೊಲ ಬಲ್ಲ ಹುಡುಗರಿಗೆ ಅದು ಖಂಡಿತ ಅರ್ಥವಾದೀತು. ಗುರುಗಳು ಮನಸ್ಸು ಮಾಡಲಿ. ಕೇಳಲು ನಾವು ಸಿದ್ಧರಿದ್ದೇವೆ.