ಕಾಯುವಿಕೆಗೂ ಲೆಕ್ಕವಿರಲಿ

ಬೆಳಗಿನ ಜಾವ ಪುಣೆಯ ಸ್ವಾರಗೇಟ ನಿಲ್ದಾಣದಲ್ಲಿ ಕೊಲ್ಹಾಪುರ, ಸಾಂಗಲಿ, ಬೆಳಗಾವಿ ಕಡೆಯ ಬಸ್ಸುಗಳಿಂದ ಇಳಿಯುವವರಲ್ಲಿ ಎಕ್ಸ್-ರೇ ಚೀಲ ಹಿಡಿದವರೂ ಇರುತ್ತಾರೆ. ಅವರಲ್ಲಿ ಬಡವರಿಗೆ ಸಸೂನ್ ಆಸ್ಪತ್ರೆಯೇ ಗತಿ. ಡೇವಿಡ್ ಸಸೂನರ ದಾನದಿಂದ 1867ರಲ್ಲಿ ಆರಂಭವಾದ ಆ ಸಂಸ್ಥೆ ಇಂದಿಗೂ ಅವರ ಆಸರೆ.

ಆದರೆ ಸರಕಾರಿ ಆಸ್ಪತ್ರೆ ಯಾವುದೇ ಇರಲಿ, ರೋಗಿಯು ಹಣಕ್ಕಿಂತ ಹೆಚ್ಚಾಗಿ ತೆರುವುದು ತನ್ನ ಹೊತ್ತನ್ನು. ಕೇಸ್ ಪೇಪರಿಗೆ ಒಂದು ಸಾಲು, ವೈದ್ಯರಿಗೆ ಒಂದು, ರಕ್ತಪರೀಕ್ಷೆಗೆ ಒಂದು, ಔಷಧಿಗೆ ಮತ್ತೊಂದು; ವರದಿಗಾಗಿ ಮರುದಿನ ಬರಬೇಕು. ದಿನಗೂಲಿಯವನಿಗೆ ಎರಡು ದಿನದ ಕೂಲಿ ಹೋಯಿತು, ಜೊತೆಗೆ ಬಂದ ಮಗನದೂ ಹೋಯಿತು. ಈ ನಷ್ಟವನ್ನು ಯಾವ ಖಾತೆಗೆ ಬರೆಯುತ್ತಾರೆ?

ಕ್ಯೂಆರ್ ಸಂಕೇತದಿಂದ ಮೊಬೈಲಿನಲ್ಲೇ ಹೊರರೋಗಿ ಚೀಟಿ ಪಡೆಯುವ ವ್ಯವಸ್ಥೆಯನ್ನು ಕೇಂದ್ರ ಸರಕಾರ 2022ರಲ್ಲಿ ತಂದಿತು. ಒಳ್ಳೆಯದೇ. ಆದರೆ ಚೀಟಿ ಬೇಗ ಸಿಕ್ಕ ಮಾತ್ರಕ್ಕೆ ವೈದ್ಯರ ಸಂಖ್ಯೆ ಹೆಚ್ಚುವುದಿಲ್ಲ. ಸಾಲು ಕಿಟಕಿಯಿಂದ ವೈದ್ಯರ ಬಾಗಿಲಿಗೆ ಸರಿಯುತ್ತದೆ, ಅಷ್ಟೇ.

ಈ ಹೊರೆ ಸರಕಾರದ್ದಷ್ಟೇ ಅಲ್ಲ. 1950ರ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆಯ 41ಎಎ ಕಲಮು ಹಾಗೂ ಮುಂಬಯಿ ಉಚ್ಚ ನ್ಯಾಯಾಲಯದ 2006ರ ಆದೇಶದಂತೆ ಧರ್ಮಾರ್ಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯತಿ ದರದಲ್ಲಿ ಮೀಸಲಿಡಬೇಕು. ಬಿಲ್ಲುಗಳ ಮೊತ್ತದ ಶೇ. 2ನ್ನು ಬಡರೋಗಿಗಳ ನಿಧಿಗೆ ಸೇರಿಸಬೇಕು. ಈ ಹಾಸಿಗೆಗಳು ಅರ್ಹರಿಗೇ ದಕ್ಕಿದರೆ, ಶಸ್ತ್ರಚಿಕಿತ್ಸೆಗಾಗಿ ಸರಕಾರಿ ಹಾಸಿಗೆ ಕಾಯುವವರ ಸಾಲು ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಇಲ್ಲಿ ಜೈನ ಸಮಾಜವೂ ತನ್ನನ್ನು ಪ್ರಶ್ನಿಸಿಕೊಳ್ಳಬೇಕು. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಮುಂದಾಗುವ ಶ್ರಾವಕರಿಗೆ ಕೊರತೆಯಿಲ್ಲ. ಆದರೆ ವಾರ್ಡಿನ ಗೋಡೆಯಲ್ಲಿ ಅಮೃತಶಿಲೆಯ ಫಲಕ ಹಾಕಿಸಿದವರು, ಆ ವಾರ್ಡಿನ ಮೀಸಲು ಹಾಸಿಗೆ ಎಷ್ಟು ಬಡವರಿಗೆ ದೊರೆಯಿತೆಂದು ವರ್ಷಕ್ಕೊಮ್ಮೆಯಾದರೂ ವಿಚಾರಿಸುತ್ತಾರೆಯೇ? ವಿಚಾರಿಸದಿದ್ದರೆ ಆ ದಾನ ಫಲಕದಲ್ಲಿಯೇ ನಿಲ್ಲುತ್ತದೆ, ರೋಗಿಯನ್ನು ಮುಟ್ಟುವುದಿಲ್ಲ.

ಮಾಡಬೇಕಾದುದು ಕಠಿಣವಲ್ಲ. ರೋಗಿ ಬಂದ ಹೊತ್ತು, ವೈದ್ಯರು ನೋಡಿದ ಹೊತ್ತು ಎರಡನ್ನೂ ಸರಕಾರಿ ಆಸ್ಪತ್ರೆಗಳು ಚೀಟಿಯಲ್ಲಿ ದಾಖಲಿಸಲಿ; ವಿಭಾಗವಾರು ಸರಾಸರಿಯನ್ನು ತಿಂಗಳಿಗೊಮ್ಮೆ ಬಾಗಿಲಲ್ಲಿ ಪ್ರಕಟಿಸಲಿ; ಸಾಲು ಉದ್ದವಿರುವಲ್ಲಿ ಖಾಲಿ ಹುದ್ದೆಗಳನ್ನು ಮೊದಲು ತುಂಬಲಿ. ಸಮಾಜದ ಟ್ರಸ್ಟುಗಳು ದೇಣಿಗೆ ಕೊಡುವ ಮುನ್ನ ಮೀಸಲು ಹಾಸಿಗೆಗಳ ಲೆಕ್ಕ ಕೇಳಲಿ. ಲೆಕ್ಕವಿಲ್ಲದೆ ಒಂದು ರೂಪಾಯಿ ಖರ್ಚಾದರೂ ಆಕ್ಷೇಪಿಸುವ ಆಡಳಿತವು, ಲೆಕ್ಕವಿಲ್ಲದೆ ಬಡವರ ದಿನಗಳು ಕಳೆದುಹೋಗುವುದನ್ನು ಸಹಜವೆಂದು ಬಗೆಯಬಾರದು.