ಕಿಣ್ವಕ್ಕೂ ಒಂದು ಮನೆತನ

ಎಣ್ಣೆ ನೀರಿನಲ್ಲಿ ಬೆರೆಯದು. ಬ್ಯಾಕ್ಟೀರಿಯಾಕ್ಕೆ ನೀರಿಲ್ಲದೆ ಬದುಕಿಲ್ಲ. ಆದರೂ ಎದುರಾದ ಜಿಡ್ಡನ್ನು ಎಷ್ಟೋ ಬ್ಯಾಕ್ಟೀರಿಯಾಗಳು ಆಹಾರ ಮಾಡಿಕೊಳ್ಳುತ್ತವೆ. ಲೈಪೇಸ್ ಎಂಬ ಕಿಣ್ವವನ್ನು ಹೊರಕ್ಕೆ ಸ್ರವಿಸಿ ಕೊಬ್ಬನ್ನು ಒಡೆಯುತ್ತವೆ. ಇಂಥ ಕಿಣ್ವಗಳನ್ನು ಯಾವ ಆಧಾರದ ಮೇಲೆ ವಿಂಗಡಿಸಬೇಕು ಎಂಬುದು ದಶಕಗಳ ಕಾಲ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ.

ಮೊದಲು ನೋಡಿದ್ದು ನಡತೆಯನ್ನು. ಮೇದೋಜೀರಕ ಗ್ರಂಥಿಯ ಲೈಪೇಸ್ ಕೊಬ್ಬಿನ ಹನಿಯ ಮೇಲ್ಮೈ ಸಿಕ್ಕೊಡನೆ ಚುರುಕಾಗುತ್ತದೆಂದು 1958ರಲ್ಲಿ ಸಾರ್ಡಾ ಮತ್ತು ದೆನ್ಯುಯೆಲ್ ತೋರಿಸಿದರು. ಕಿಣ್ವದ ಕ್ರಿಯಾಸ್ಥಾನದ ಮೇಲೊಂದು ಮುಚ್ಚಳವಿದೆ, ಕೊಬ್ಬು ತಗುಲಿದಾಗ ಅದು ತೆರೆದುಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು. ಈ ಗುಣವಿದ್ದರೆ ಲೈಪೇಸ್, ಇಲ್ಲದಿದ್ದರೆ ಎಸ್ಟರೇಸ್ ಎಂದಾಯಿತು. ಬ್ಯಾಕ್ಟೀರಿಯಾಗಳು ಈ ಗೆರೆಯನ್ನು ಅಳಿಸಿದವು. ಬ್ಯಾಸಿಲಸ್ ಸಬ್ಟಿಲಿಸ್‌ನ ಪುಟ್ಟ ಲೈಪೇಸ್‌ಗೆ ಮುಚ್ಚಳವೇ ಇಲ್ಲ. ಸ್ಯೂಡೊಮೊನಾಸ್ ಎರುಜಿನೋಸಾದ್ದಕ್ಕೆ ಮುಚ್ಚಳವಿದ್ದರೂ ಆ ಚುರುಕಿಲ್ಲ.

1999ರಲ್ಲಿ ಆರ್ಪಿನ್ಯಿ ಮತ್ತು ಯೇಗರ್ ಬೇರೆ ದಾರಿ ಹಿಡಿದರು. 53 ಕಿಣ್ವಗಳ ಅಮೈನೋ ಆಮ್ಲಗಳ ಸರಣಿಯನ್ನು ಹೋಲಿಸಿ ಎಂಟು ಕುಟುಂಬಗಳನ್ನು ಗುರುತಿಸಿದರು. ಆಗ ಬೆಳಕಿಗೆ ಬಂದ ನಂಟುಗಳು ಬೆರಗು ಹುಟ್ಟಿಸುತ್ತವೆ. ನಾಲ್ಕನೆಯ ಕುಟುಂಬ ನಮ್ಮದೇ ದೇಹದ ಕೊಬ್ಬಿನ ಕೋಶಗಳಲ್ಲಿರುವ, ಹಾರ್ಮೋನಿನ ಮಾತು ಕೇಳುವ ಲೈಪೇಸನ್ನು ಹೋಲುತ್ತದೆ. ಎಂಟನೆಯದರ ಹೋಲಿಕೆ ಆ್ಯಂಟಿಬಯೋಟಿಕ್‌ಗಳನ್ನು ನಿಷ್ಫಲಗೊಳಿಸುವ ಬೀಟಾ-ಲ್ಯಾಕ್ಟಮೇಸ್‌ಗಳೊಂದಿಗೆ. ಬರೀ ಕೆಲಸ ನೋಡಿ ವಿಂಗಡಿಸಿದ್ದರೆ ಈ ನಂಟು ಕಾಣುತ್ತಿರಲಿಲ್ಲ.

ಮನೆತನ ತಿಳಿದರೆ ಪ್ರಯೋಗಾಲಯದ ಕೈಗೂ ದಾರಿ ಸಿಗುತ್ತದೆ. ಮೊದಲ ಕುಟುಂಬದ ಮೊದಲೆರಡು ಕವಲುಗಳ ಲೈಪೇಸ್‌ಗಳು ತಾವಾಗಿಯೇ ಸರಿಯಾಗಿ ಮಡಚಿಕೊಳ್ಳಲಾರವು. ಫೋಲ್ಡೇಸ್ ಎಂಬ ಸಹಾಯಕ ಪ್ರೋಟೀನ್ ಬೇಕು. ಇದನ್ನರಿಯದೆ ಲೈಪೇಸ್ ಜೀನನ್ನಷ್ಟೇ ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಕಿಣ್ವ ತಯಾರಾದರೂ ಕೆಲಸ ಮಾಡದು. ಮೂರನೆಯ ಕವಲಿಗೆ ಈ ಸಹಾಯಕ ಬೇಡ. ಕೋಶದಿಂದ ಹೊರಬೀಳುವ ದಾರಿಯೂ ಬೇರೆ.

ಆದರೆ ಕಿಣ್ವ ಯಾವ ಕೊಬ್ಬನ್ನು ಎಷ್ಟು ಚೆನ್ನಾಗಿ ಒಡೆಯುತ್ತದೆ ಎಂಬುದನ್ನು ಸರಣಿಯೊಂದೇ ಖಚಿತವಾಗಿ ಹೇಳಲಾರದು. ಪ್ರಯೋಗ ಮಾಡಲೇಬೇಕು, ಅದೂ ಸರಿಯಾದ ಕೊಬ್ಬಿನ ಮೇಲೆ. ಎಣ್ಣೆ ಗಿರಣಿಯ ಮಣ್ಣಿನಿಂದ ಲೈಪೇಸ್ ಬ್ಯಾಕ್ಟೀರಿಯಾ ಬೇರ್ಪಡಿಸುವುದು ನಮ್ಮ ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಲ್ಲಿ ಪರಿಚಿತ ಪ್ರಾಜೆಕ್ಟ್. ಟ್ರೈಬ್ಯುಟಿರಿನ್ ಹಾಕಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಸುತ್ತ ತಿಳಿಯಾದ ವಲಯ ಮೂಡಿದರೆ ಲೈಪೇಸ್ ಸಿಕ್ಕಿತೆಂದು ಬರೆದುಬಿಡುವುದುಂಟು. ಟ್ರೈಬ್ಯುಟಿರಿನ್ ನಾಲ್ಕೇ ಇಂಗಾಲದ ಗಿಡ್ಡ ಸರಪಳಿಯ ಕೊಬ್ಬು. ಎಸ್ಟರೇಸ್ ಕೂಡ ಅಂಥದೇ ವಲಯ ಮೂಡಿಸಬಲ್ಲದು. ಉದ್ದ ಸರಪಳಿಯ ಆಲಿವ್ ಎಣ್ಣೆಯ ಮೇಲೂ ಪರೀಕ್ಷಿಸಿ, ಜೀನಿನ ಸರಣಿಯಿಂದ ಕುಟುಂಬವನ್ನೂ ಗುರುತಿಸಿದರೆ ಆ ವಿದ್ಯಾರ್ಥಿಯ ಶ್ರಮ ಮುಂದೆ ಬರುವವರಿಗೆ ನೆಚ್ಚಬಹುದಾದ ಜ್ಞಾನವಾಗುತ್ತದೆ. ಅಷ್ಟನ್ನು ಕಲಿಸುವುದು ಗುರುಗಳ ಹೊಣೆ.