ಪರವೂರಿನ ದುಡಿಮೆ, ಹುಟ್ಟೂರಿನ ಋಣ

ದಕ್ಷಿಣ ಕನ್ನಡ, ಉಡುಪಿ ಸೀಮೆಗಳಿಂದ ಜೀವನೋಪಾಯವನ್ನರಸಿ ಮುಂಬಯಿಗೆ ತೆರಳಿ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ವಿದ್ಯೆಯನ್ನಾರ್ಜಿಸಿ, ಕಾಲಕ್ರಮದಲ್ಲಿ ಸ್ವಂತ ಉದ್ಯಮಗಳಿಗೆ ಒಡೆಯರಾದವರು ತಮ್ಮ ಗಳಿಕೆಯ ಒಂದಂಶವನ್ನು ಹುಟ್ಟೂರಿಗೆ ಸಲ್ಲಿಸುತ್ತ ಬಂದಿರುವುದು ನಮ್ಮ ಸಾಮಾಜಿಕ ಚರಿತ್ರೆಯ ಉಜ್ಜ್ವಲ ಅಧ್ಯಾಯಗಳಲ್ಲೊಂದು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಉದಯಿಸಿದ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಪರಸ್ಥಳದಲ್ಲಿ ತಮ್ಮವರಿಗೆ ಆಸರೆಯಾದುವಲ್ಲದೆ, ಊರಿಗೂ ನಗರಕ್ಕೂ ನಡುವಣ ಬಾಂಧವ್ಯವು ತಲೆಮಾರು ಕಳೆದರೂ ಸಡಿಲವಾಗದಂತೆ ನೋಡಿಕೊಂಡಿವೆ.

ಇಂದಿಗೂ ಕರಾವಳಿಯ ಗ್ರಾಮವೊಂದು ತನ್ನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಸಂಕಲ್ಪ ಮಾಡಿತೆಂದರೆ ‘ಮುಂಬಯಿ ಸಮಿತಿ’ಯೊಂದು ರಚನೆಯಾಗುತ್ತದೆ, ರಸೀದಿ ಪುಸ್ತಕಗಳು ಅಂಧೇರಿ, ಥಾಣೆಗಳ ಹೋಟೆಲುಗಳಿಗೆ ತಲಪುತ್ತವೆ, ಬ್ರಹ್ಮಕಲಶೋತ್ಸವಕ್ಕೆ ದಾನಿಗಳು ಸಕುಟುಂಬರಾಗಿ ಬಂದಿಳಿಯುತ್ತಾರೆ. ಈ ಭಕ್ತಿಯನ್ನು ಹಗುರವಾಗಿ ಕಾಣುವವನು ನಾನಲ್ಲ. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಊರಿನ ನಂಟು ಕೂಡಿಬರುವುದು ಎಷ್ಟೋ ವೇಳೆ ಆ ದೇವರ, ಆ ದೈವಗಳ ಅಂಗಳದಲ್ಲಿಯೇ.

ಆದರೆ ದೇವಸ್ಥಾನಕ್ಕೆ ಅನತಿದೂರದಲ್ಲಿರುವ ಸರಕಾರಿ ಕನ್ನಡ ಶಾಲೆಯಲ್ಲಿ, ಖಾಲಿ ಬಿದ್ದ ಹುದ್ದೆಯ ಸ್ಥಾನದಲ್ಲಿ ಪಾಠ ಹೇಳುವ ಗೌರವ ಶಿಕ್ಷಕಿಯ ಅಲ್ಪ ಸಂಬಳವನ್ನು ಹೊಂದಿಸಲು, ಮಕ್ಕಳನ್ನು ಕರೆತರುವ ವಾಹನದ ಡೀಸೆಲಿಗೆ ಹಣ ಕೂಡಿಸಲು, ಶಾಲಾಭಿವೃದ್ಧಿ ಸಮಿತಿಯವರು ವರ್ಷವರ್ಷವೂ ಮನೆಮನೆ ತಿರುಗಬೇಕಾಗಿರುವ ಸ್ಥಿತಿ ಶೋಚನೀಯವಾದುದು. ಕಟ್ಟಡಕ್ಕೆ ಉದ್ಘಾಟನೆಯ ಶುಭದಿನವುಂಟು, ಗೋಡೆಯ ಮೇಲೆ ದಾನಿಯ ಹೆಸರು ಕೊರೆದ ಅಮೃತಶಿಲೆಯುಂಟು. ತಿಂಗಳು ತಿಂಗಳೂ ಸಲ್ಲಬೇಕಾದ ಸಂಬಳಕ್ಕೆ ಇವೆರಡೂ ಇಲ್ಲವಾದ ಕಾರಣ, ಅದು ದಾನಿಗಳ ಕಣ್ಣಿಗೆ ಬೀಳುವುದೇ ವಿರಳ. ಒಮ್ಮೆ ಕೊಟ್ಟು ಮುಗಿಸುವ ದಾನಕ್ಕಿಂತ, ಎಡೆಬಿಡದೆ ನಡೆಯುವ ಪೋಷಣೆಯೇ ಋಣಸಂದಾಯದ ಉತ್ತಮ ಮಾರ್ಗವೆಂದು ನಾನು ದೃಢವಾಗಿ ನಂಬಿದ್ದೇನೆ.

ಆದುದರಿಂದ ಪರವೂರಿನ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಜೀರ್ಣೋದ್ಧಾರಕ್ಕೆಂದು ಸಂಗ್ರಹವಾಗುವ ವಂತಿಗೆಯೊಡನೆ ಊರಿನ ಶಾಲೆಗೂ ಪ್ರತ್ಯೇಕವಾದೊಂದು ದತ್ತಿನಿಧಿಯನ್ನು ಕೂಡಿಸಿರಿ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಶಿಕ್ಷಕಿಯ ಸಂಬಳವೂ ಬಡಮಕ್ಕಳ ವಿದ್ಯಾರ್ಥಿವೇತನವೂ ಸಲ್ಲುವಂತಾಗಲಿ; ಯಾವುದು ಮೊದಲು ಬೇಕೆಂಬುದನ್ನು ಊರಿನವರನ್ನೇ ಕೇಳಿ ನಿಶ್ಚಯಿಸಿರಿ; ಲೆಕ್ಕಪತ್ರವನ್ನು ಮುಂಬಯಿಯ ಸಭೆಯಲ್ಲಿಯೂ ಶಾಲೆಯ ಜಗಲಿಯಲ್ಲಿಯೂ ವರ್ಷಕ್ಕೊಮ್ಮೆ ಓದಿ ಹೇಳಿರಿ. ಮುಂಬಯಿ ಸಮಿತಿಗಳ ಹಿರಿಯರು ಬರುವ ಮಹಾಸಭೆಯಲ್ಲಿಯೇ ಈ ನಿರ್ಣಯವನ್ನು ಕೈಗೊಳ್ಳಲಿ.